‘ತೀರ್ಮಾನಿಸಲಾಗಿದೆ’ ಎಂದರೆ ಯಾರು?

ಜೂನ್ ಹದಿನಾಲ್ಕು, ಶುಕ್ರವಾರ. ಕಾಲೇಜಿನ ಸೂಚನಾ ಫಲಕ ಓದಿ ಮನೆಗೆ ಬಂದು, ಮಧ್ಯಾಹ್ನ ಬರೆದದ್ದು.

ಮಾನ್ಯ ಪ್ರಾಂಶುಪಾಲರೇ, ಅಥವಾ ಈ ಕೆಲಸ ನಿಮ್ಮದಲ್ಲವೆಂದಾದರೆ, ಇದನ್ನು ಮಾಡಿದ ಮಾನ್ಯರು ಯಾರೇ ಇರಲಿ, ಅವರೇ,

‘ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಇತಿಹಾಸ ಮತ್ತು ಸಮಾಜಶಾಸ್ತ್ರ ವಿಭಾಗಗಳನ್ನು ಈ ವರ್ಷದಿಂದ ಮುಚ್ಚಲು ತೀರ್ಮಾನಿಸಲಾಗಿದೆ.’ ನಿಮ್ಮ ಫಲಕದ ಮೇಲಿರುವುದು ಇಷ್ಟೇ. ಕೆಳಗೆ ಕಾಲೇಜಿನ ಮೊಹರಿದೆ, ಸಹಿ ಇಲ್ಲ. ನನ್ನ ದೂರು ಆ ವಾಕ್ಯದ ಕೊನೆಯ ಪದದ ಮೇಲೆ. ವಿಭಾಗವನ್ನು ಮುಚ್ಚಿದಿರಿ ಎಂದು ದುಃಖಪಡಬಹುದು. ಯಾರೂ ಮುಚ್ಚದೆಯೇ ಅದು ಮುಚ್ಚಿಹೋಗಿದೆ ಎಂದರೆ ದುಃಖವನ್ನಾದರೂ ಯಾರ ಎದುರು ಹೇಳಿಕೊಳ್ಳುವುದು?

ನನ್ನ ತಂಗಿಯ ಮಗಳು ಈ ವರ್ಷ ನಿಮ್ಮಲ್ಲಿ ಇತಿಹಾಸ ಓದಬೇಕೆಂದಿದ್ದಳು. ಈ ಊರಿನಲ್ಲಿ ಬೇರೆಲ್ಲೂ ಆ ವಿಷಯವಿಲ್ಲ. ಹಾಸಿಗೆ ಹಿಡಿದಿರುವ ತಾಯಿಯನ್ನು ಬಿಟ್ಟು ಬೇರೆ ಊರಿಗೆ ಹೋಗುವ ಸ್ಥಿತಿಯಲ್ಲಿ ಅವಳಿಲ್ಲ. ಇವತ್ತು ಬೆಳಿಗ್ಗೆ ನಾವಿಬ್ಬರೂ ಕಚೇರಿಯ ಗುಮಾಸ್ತರನ್ನು ಕೇಳಿದೆವು. ‘ನಂಗೇನು ಗೊತ್ತಮ್ಮ, ಮೇಲಿಂದ ಬಂತು, ಅಂಟಿಸ್ದೆ’ ಎಂದರು. ಮೇಲಿರುವವರು ನೀವು. ಮೆಟ್ಟಿಲು ಹತ್ತಿ ಬಂದೆವು. ‘ನನ್ನ ಕೈಲೇನಿದೆ ಹೇಳಿ, ಮಂಡಳಿಯವರ ತೀರ್ಮಾನ ಅದು. ಇತಿಹಾಸಕ್ಕೆ ಮಾರುಕಟ್ಟೇಲಿ ಬೇಡಿಕೆ ಇಲ್ಲ. ಕಾಮರ್ಸ್ ತಗೊಳ್ಳಮ್ಮ, ನಾಲ್ಕು ಜನ ಕರೆದು ಕೆಲಸ ಕೊಡ್ತಾರೆ’ ಎಂದಿರಿ. ಮಂಡಳಿಯ ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ, ‘ಅಯ್ಯೋ, ಪ್ರಾಂಶುಪಾಲರೇ ಶಿಫಾರಸು ಮಾಡಿದ್ಮೇಲೆ ನಾವು ಬೇಡ ಅನ್ನೋಕಾಗುತ್ತಾ?’ ಎಂದರು. ಗೇಟಿನ ಹೊರಗೆ ಬಂದ ಮೇಲೆ ಹುಡುಗಿ ಕೇಳಿದಳು: ‘ಹಾಗಾದ್ರೆ ಬಾಗಿಲು ಗಾಳಿಗೆ ಹಾಕ್ಕೊಂಡಿತಾ, ದೊಡ್ಡಮ್ಮ?’

ನಾನೂ ನಿಮ್ಮ ಕಾಲೇಜಿನವಳೇ. ನಿಮ್ಮ ಧರ್ಮದವಳಲ್ಲ, ಆದರೆ ಪ್ರಾರ್ಥನಾಲಯದ ಪಕ್ಕದ ಕೋಣೆಯಲ್ಲಿ, ಕಪ್ಪು ಹಲಗೆಯ ಮೇಲೆ ತೂಗುತ್ತಿದ್ದ ಶಿಲುಬೆಯ ಕೆಳಗೆ ಕೂತು ಇತಿಹಾಸ ಓದಿದವಳು. ಪಕ್ಕದಲ್ಲಿ ಹಾಡು ಅಭ್ಯಾಸ ಮಾಡುವಾಗ ನಮ್ಮ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು. ನಮಗೆ ಪಾಠ ಹೇಳಿದವರು ಒಬ್ಬ ಸಿಸ್ಟರ್. ಅವರ ತರಗತಿಯಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ಉತ್ತರ ಹೇಳುತ್ತ ‘ತೆರಿಗೆ ಹೇರಲಾಯಿತು’, ‘ಊರನ್ನು ಸುಡಲಾಯಿತು’ ಎಂದರೆ ಸಿಸ್ಟರ್ ತಮ್ಮ ಕುರ್ಚಿಯನ್ನು ದರದರ ಎಳೆದು ತಂದು ನಮ್ಮೆದುರು ಇಡುತ್ತಿದ್ದರು. ಖಾಲಿ ಕುರ್ಚಿಯನ್ನು ತೋರಿಸಿ, ‘ಯಾರಮ್ಮಾ?’ ಎನ್ನುತ್ತಿದ್ದರು. ಆ ಕೆಲಸ ಮಾಡಿ ಅಲ್ಲಿ ಕೂರಬೇಕಾದವರ ಹೆಸರು ಹೇಳುವವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ. ನಾವು ಬೆನ್ನ ಹಿಂದೆ ಅವರನ್ನು ‘ಯಾರಮ್ಮ’ ಎಂದೇ ಕರೆಯುತ್ತಿದ್ದೆವು. ‘ಯಾರಮ್ಮ ಬಂದ್ರಾ?’ ‘ಯಾರಮ್ಮ?’ ‘ಅದೇ ಯಾರಮ್ಮ!’ ಎಂದು ನಗುತ್ತಿದ್ದೆವು.

ಇದು ವ್ಯಾಕರಣದ ಹಟ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು.

ನಮ್ಮ ತಂದೆ ಗಿರಣಿಯ ಕೆಲಸಗಾರರು. ಗೋದಾಮಿನ ಗೋಡೆ ಕುಸಿದು ಅವರು ತೀರಿಕೊಂಡಾಗ ನಾನು, ತಂಗಿ ಚಿಕ್ಕವರು. ಗಿರಣಿಯ ಅಧಿಕಾರಿಯೊಬ್ಬರು ಮನೆಗೆ ಬಂದು, ಮಣೆಯ ತುದಿಯಲ್ಲಿ ಕೂತು, ‘ಆ ಕಡೆ ಹೋಗಬಾರದೆಂದು ಎಚ್ಚರಿಕೆ ನೀಡಲಾಗಿತ್ತು’ ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಎದ್ದುಹೋದರು. ಅಮ್ಮ ಆ ಮಾತನ್ನು ನಂಬಿದಳು. ಅಳಬೇಕಾದವಳು ಸಿಟ್ಟಾದಳು. ಹಾಲು ಉಕ್ಕಿದರೂ, ನಾವು ಶಾಲೆಯಿಂದ ತಡವಾಗಿ ಬಂದರೂ ಒಂದೇ ಮಾತು: ‘ನಿಮ್ಮಪ್ಪನ ಮಕ್ಕಳೇ ಕಣ್ರೇ ನೀವು. ಹೇಳಿದ್ರೂ ಕೇಳಲ್ಲ.’ ಹೀಗೆ ನಮ್ಮ ಮನೆಯಲ್ಲಿ ಅಪ್ಪ, ಹೇಳಿದ ಮಾತು ಕೇಳದೆ ಸತ್ತವರಾಗಿ ವರ್ಷಗಟ್ಟಲೆ ಉಳಿದರು.

ಕಾಲೇಜಿನಲ್ಲಿ ಊರಿನ ಇತಿಹಾಸದ ಬಗ್ಗೆ ಪ್ರಬಂಧ ಬರೆಯಬೇಕಾಗಿ ಬಂದಾಗ ನಾನು ಆ ಗೋಡೆಯ ಬಗ್ಗೆಯೇ ಬರೆದೆ. ಎದ್ದು ನಿಂತು ಓದಿದೆ: ‘ಕಾರ್ಮಿಕರಿಗೆ ಎಚ್ಚರಿಕೆ ನೀಡಲಾಗಿತ್ತು.’ ಕುರ್ಚಿ ಬಂತು. ‘ಯಾರಮ್ಮಾ?’ ನನಗೆ ಗೊತ್ತಿರಲಿಲ್ಲ. ಸತ್ತವರು ನನ್ನ ತಂದೆ ಎಂದು ಸಿಸ್ಟರ್‌ಗೆ ಗೊತ್ತಿತ್ತು. ಆದರೂ ರಿಯಾಯಿತಿ ಕೊಡಲಿಲ್ಲ. ‘ಹೋಗಿ ಕೇಳ್ಕೊಂಡು ಬಾ. ಕುರ್ಚಿ ಇಲ್ಲೇ ಇರುತ್ತೆ’ ಎಂದರು.

ಅಪ್ಪನ ಜೊತೆ ಕೆಲಸ ಮಾಡಿದವರ ಮನೆಮನೆಗೆ ಹೋದೆ. ಯಾರಿಗೂ ಎಚ್ಚರಿಕೆಯ ನೆನಪಿಲ್ಲ. ಕೊನೆಗೆ ಅವರ ಮೇಸ್ತ್ರಿಯ ಮನೆ. ಆತ ಬಾಗಿಲಲ್ಲೇ ಕೂತಿದ್ದರು. ‘ನಾನು ಎಚ್ಚರಿಸ್ಬೇಕಿತ್ತು ಅಂತ ಆಮೇಲೆ ಹೇಳಿದ್ರು. ಗೋಡೆ ಬಿರುಕು ಬಿಟ್ಟಿದೆ ಅಂತ ನನಗೇ ಯಾರೂ ಹೇಳಿರ್ಲಿಲ್ಲ, ಮಗಳೇ. ಮೂಟೆ ತರೋಕೆ ನಿಮ್ಮಪ್ಪನ್ನ ಆ ಕಡೆ ಕಳಿಸಿದ್ದು ನಾನೇ.’

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಒಲೆ ಆರಿಸಿದಳು. ‘ಸುಮ್ಸುಮ್ನೆ ಬೈದೆನಲ್ಲೇ ಅವರನ್ನ’ ಎಂದಳು. ಅಪ್ಪ ಸತ್ತು ಎಷ್ಟೋ ವರ್ಷವಾದ ಮೇಲೆ, ಅಂದು ಅತ್ತಳು. ಮಾನ್ಯರೇ, ನಿಮ್ಮ ಕಾಲೇಜು ನನಗೆ ಕೊಟ್ಟ ವಿದ್ಯೆ ಇದು. ಇದಕ್ಕೆ ಮಾರುಕಟ್ಟೆಯಲ್ಲಿ ಬೇಡಿಕೆ ಇಲ್ಲವೆಂದು ನೀವು ಹೇಳಿದ್ದು ನಿಜವೇ ಇರಬೇಕು. ಅಮ್ಮ ಅದನ್ನು ಮಾರುಕಟ್ಟೆಯಲ್ಲಿ ಹುಡುಕಿರಲಿಲ್ಲ.

ಈಗ ನಾನು ಅನುವಾದಿತ ಕಾದಂಬರಿಗಳ ಕರಡು ತಿದ್ದುತ್ತೇನೆ. ದೂರದ ಭಾಷೆಯಿಂದ ಬರುವಾಗ ವಾಕ್ಯದ ಕರ್ತೃ ದಾರಿಯಲ್ಲಿ ಕಳೆದುಹೋಗುವುದುಂಟು. ಹುಡುಕಿ ಮತ್ತೆ ಕೂರಿಸುವುದು ನನ್ನ ಕೆಲಸ. ನಿಮ್ಮ ವಾಕ್ಯವಾದರೋ ಮಹಡಿಯಿಂದ ಕೆಳಗಿಳಿದು ಬಂದದ್ದು ಅಷ್ಟೇ. ಅಷ್ಟರಲ್ಲೇ ಕರ್ತೃವನ್ನು ಹೇಗೆ ಕಳೆದುಕೊಂಡಿತು? ನೀವು ಪಾದ್ರಿಗಳೂ ಹೌದು. ಪಾಪನಿವೇದನೆಗೆ ಬಂದವನೊಬ್ಬ ಮೊಣಕಾಲೂರಿ, ‘ಫಾದರ್, ಪಾಪ ಮಾಡಲಾಗಿದೆ’ ಎಂದರೆ ಕ್ಷಮೆ ಕೊಡುತ್ತೀರಾ? ‘ಯಾರು ಮಾಡಿದ್ದಪ್ಪಾ?’ ಎಂದು ನೀವೂ ಕೇಳುವುದಿಲ್ಲವೇ? ಪ್ರಾರ್ಥನಾಲಯದ ಗೋಡೆಯ ಒಂದು ಬದಿಯಲ್ಲಿ ‘ನಾನು’ ಎನ್ನದೆ ಬಿಡುಗಡೆಯಿಲ್ಲ. ಇನ್ನೊಂದು ಬದಿಯಲ್ಲಿ ಅದೇ ಪದವನ್ನು ಕಲಿಸುತ್ತಿದ್ದ ಕೋಣೆಗೆ ಬೀಗ. ಆ ಕೋಣೆಯ ಬಟ್ಟೆಯ ನಕಾಶೆಯನ್ನು ಸುರುಳಿ ಸುತ್ತಿ ಪಡಸಾಲೆಯಲ್ಲಿ, ಒದ್ದೆ ಕೊಡೆಗಳ ಪಕ್ಕ ನಿಲ್ಲಿಸಿದ್ದೀರಿ. ಕ್ಷಮಿಸಿ, ನಿಲ್ಲಿಸಲಾಗಿದೆ.

ನಿಮ್ಮನ್ನು ಕಂಡ ಮೇಲೆ ನಾವು ಕಾಲೇಜಿನ ಹಿಂದಿನ ಕಾನ್ವೆಂಟಿಗೆ ಹೋಗಿ ಸಿಸ್ಟರ್ ಅವರನ್ನು ನೋಡಿದೆವು. ಕಿಟಕಿಯ ಹತ್ತಿರ ಕಂಬಳಿ ಹೊದ್ದು ಕೂತಿದ್ದರು. ಅವರಿಗೆ ಈಗ ಯಾರ ಗುರುತೂ ಹತ್ತುವುದಿಲ್ಲ. ಊಟ ತಂದವರನ್ನೂ, ಮಾತ್ರೆ ಕೊಡುವವರನ್ನೂ ಕೇಳುವುದು ಒಂದೇ: ‘ಯಾರಮ್ಮಾ?’ ನಾವು ಬೆನ್ನ ಹಿಂದೆ ಇಟ್ಟ ಹೆಸರು ಕೊನೆಗೆ ಅವರ ಪಾಲಿಗೆ ಉಳಿದಿರುವ ಒಂದೇ ಮಾತಾಗಿದೆ. ಅವರ ಕೈ ಹಿಡಿದು, ಯೋಚಿಸದೆ ಹೇಳಿಬಿಟ್ಟೆ: ‘ಸಿಸ್ಟರ್, ನಮ್ಮ ವಿಭಾಗ ಮುಚ್ಚಲಾಗಿದೆಯಂತೆ.’

ಅವರು ನನ್ನನ್ನೇ ನೋಡಿದರು. ‘ಯಾರಮ್ಮಾ?’

ನಾನು ಯಾರೆಂದು ಕೇಳಿದರೋ, ಮುಚ್ಚಿದವರು ಯಾರೆಂದು ಕೇಳಿದರೋ, ನನಗೆ ತಿಳಿಯಲಿಲ್ಲ. ಮೊದಲನೆಯದಕ್ಕೆ ನನ್ನ ಹೆಸರು ಹೇಳಿದೆ. ಎರಡನೆಯದಕ್ಕೆ ಉತ್ತರ ನಿಮ್ಮಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ವಿಭಾಗವನ್ನು ತೆರೆಯಿರಿ. ತೆರೆಯುವುದಿಲ್ಲವಾದರೆ ಆ ವಾಕ್ಯವನ್ನು ತಿದ್ದಿ ಮತ್ತೆ ಅಂಟಿಸಿ: ‘ನಾನು ಮುಚ್ಚಿದ್ದೇನೆ’ ಅಥವಾ ‘ನಾವು ಮುಚ್ಚಿದ್ದೇವೆ’. ಕೆಳಗೆ ಸಹಿ ಇರಲಿ.

ಮನೆಯ ಚಿಲಕ ತೆಗೆಯುವಾಗ ಹುಡುಗಿ ಹೇಳಿದಳು: ‘ಕಾಮರ್ಸ್ ಬೇಡ, ದೊಡ್ಡಮ್ಮ. ಇತಿಹಾಸ ಅಂತಲೇ ಅರ್ಜಿ ಹಾಕ್ತೀನಿ. ಆಗಲ್ಲ ಅಂತ ಯಾರಾದ್ರೂ ಒಬ್ರು ಬರೀಲೇಬೇಕಲ್ಲ?’ ಅರ್ಜಿ ತುಂಬಿ ತಾಯಿಯ ಹಾಸಿಗೆಯ ಪಕ್ಕ ಇಟ್ಟಿದ್ದಾಳೆ. ಸೋಮವಾರ ಬೆಳಿಗ್ಗೆ ತರುತ್ತೇವೆ. ಆ ಹೊತ್ತಿಗೆ ದಯವಿಟ್ಟು ಕುರ್ಚಿಯಲ್ಲಿ ಯಾರಾದರೂ ಕೂತಿರಿ.

ಇಂತಿ,
ಇದನ್ನು ತಾನೇ ಬರೆದಿರುವ,
ಇತಿಹಾಸ ವಿಭಾಗದ ಹಳೆಯ ವಿದ್ಯಾರ್ಥಿನಿ
(ಹೆಸರು, ವಿಳಾಸ ನಿಮಗೆ ಕಳಿಸಿದ ಪ್ರತಿಯಲ್ಲಿವೆ. ಹುಡುಗಿಗೆ ತೊಂದರೆಯಾಗದಿರಲೆಂದು, ಎಲ್ಲರೂ ಓದುವ ಈ ಪ್ರತಿಯಲ್ಲಿ ಬಿಟ್ಟವಳು ನಾನು.)