ಗುರಾಣಿ ಹಿಡಿದವನ ಹಾಳೆ

ಅಣ್ಣಾ,

ದಾಳ ಉರುಳಿಸಿ ಆಡುವ ನಮ್ಮ ಕಥೆಯಾಟದಲ್ಲಿ, ನೀನು ಹೋದಮೇಲೆ ಮುಂದೆ ನಿಂತು ಪೆಟ್ಟು ತಿನ್ನುವವರೇ ಇರಲಿಲ್ಲ. ಇವತ್ತು ಅಂಥ ಪಾತ್ರವನ್ನು ನಾನೇ ಕಟ್ಟಿದೆ. ದಪ್ಪ ಕವಚ, ದೊಡ್ಡ ಗುರಾಣಿ, ಜೀವದ ಅಂಕ ಅರವತ್ತು. ಓಟಕ್ಕೆ ಮಾತ್ರ ಸೊನ್ನೆ ಇಟ್ಟೆ.

ರಾಕ್ಷಸ ಕೊಡಲಿ ಬೀಸಿದ. "ಪೆಟ್ಟು ಯಾರಿಗೆ?" ಎಂದಳು ಆಟ ನಡೆಸುವ ಗೆಳತಿ. ನಾನು ಬಾಯಿ ತೆರೆಯುವ ಮೊದಲೇ, "ನಂಗೇ ಬೀಳ್ಲಿ ಬಿಡು" ಎಂದು ಕೇಳಿಸಿತು. ನಿನ್ನ ಹಾಗೇ, ಅರ್ಧ ನಗುತ್ತಾ.

"ಯಾರ್ರೋ ಹೇಳಿದ್ದು?" ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು.

ಆಟದ ಪೆಟ್ಟಿಗೆಯ ತಳದಿಂದ ನಿನ್ನ ಪಾತ್ರದ ಹಳೆಯ ಹಾಳೆ ತೆಗೆದೆ. ನೀನು ಹೋದಾಗ ಹನ್ನೆರಡು ಇದ್ದ ಜೀವದ ಅಂಕ ಈಗ ಮೂರಾಗಿತ್ತು. ಈಗಷ್ಟೇ ಅಳಿಸಿದಂತೆ ರಬ್ಬರಿನ ಪುಡಿ ಇನ್ನೂ ಅಲ್ಲೇ ಇತ್ತು.

ಆವತ್ತು ರಸ್ತೆಯಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿ ನೀನು ಲಾರಿಗೆ ಎದುರಾಗಿ ನಿಂತದ್ದೇ ಸಾಕು. ಮುಂದಿನ ಪೆಟ್ಟನ್ನಾದರೂ ನನಗೆ ಬಿಡೋ.