ಮೇಯರ್ ಓದಿದ ಪಾಠಕ್ಕೆ ಪಾದ್ರಿಯ ತಲೆದಂಡ

ಮಾನ್ಯ ಬಿಷಪ್ಪರೇ,

ನಮ್ಮ ಪಾದ್ರಿಯಮ್ಮ ರೋಸಲಿಂಡ್ ಕ್ವೇಲ್ ಮೇಯರರ ಕ್ಷಮೆ ಕೇಳಬೇಕು, ಇಲ್ಲವಾದರೆ ಪಾದ್ರಿಯಾಗಿರಲು ಬೇಕಾದ ಅವರ ಪರವಾನಗಿಯನ್ನು ನವೀಕರಿಸುವುದಿಲ್ಲ ಎಂದು ಅಪ್ಪಣೆ ಹೊರಡಿಸಿದ್ದೀರಿ. ಅವರ ಅಪರಾಧ, ಚರ್ಚಿನಲ್ಲಿ ದೇವರ ವಾಕ್ಯ ಓದಿಸಿದ್ದು. ಇಂಗ್ಲೆಂಡಿನಲ್ಲಿ ಇದು ಶಿಕ್ಷಾರ್ಹವೆಂದು ಗೊತ್ತಿದ್ದರೆ ನಾವು ಮೊದಲೇ ಎಚ್ಚರದಿಂದ ಇರುತ್ತಿದ್ದೆವು.

ನಡೆದದ್ದನ್ನು ಹೇಳುತ್ತೇನೆ, ಏಕೆಂದರೆ ನೀವು ಕೇಳಿರುವುದು ಮೇಯರರ ದೂರನ್ನು ಮಾತ್ರ. ಪ್ರತಿ ಬೇಸಿಗೆಯಲ್ಲೂ ಒಂದು ಭಾನುವಾರ ಹೊಸ ಮೇಯರ್ ಕೊರಳಿಗೆ ಅಧಿಕಾರದ ಸರ ಹಾಕಿಕೊಂಡು, ನಗರಸಭೆಯವರನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಚರ್ಚಿಗೆ ಬರುತ್ತಾರೆ. ಚರ್ಚಿನ ಮೇಲ್ವಿಚಾರಣೆಯ ವಾರ್ಡನ್ ಆದ ನಾನು ಕೋಲು ಹಿಡಿದು ಮುಂದೆ ನಡೆಯುತ್ತೇನೆ. ಅರಸನಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸುತ್ತೇವೆ. ಆಮೇಲೆ ಮೇಯರ್ ಬೈಬಲಿನಿಂದ ಆ ದಿನದ ಪಾಠ ಓದುತ್ತಾರೆ. ಮೊದಲೇ ಓದಿಕೊಂಡು ಬಂದ ಮೇಯರರನ್ನು ನಾನಂತೂ ಕಂಡಿಲ್ಲ. ಈ ಸಲ ಅದೇ ವಾರ ನಗರಸಭೆಯು ಕಾಲುವೆಯ ದೋಣಿಗಳಲ್ಲೇ ಮನೆಮಾಡಿಕೊಂಡಿರುವ ಕುಟುಂಬಗಳನ್ನು ಎಬ್ಬಿಸಿ, ದಡದಲ್ಲಿ ಹೋಟೆಲ್ ಕಟ್ಟಿಸಲು ತೀರ್ಮಾನಿಸಿತ್ತು. ಅಂದಿನ ಪಾಠವೋ, ಪಕ್ಕದವನ ದ್ರಾಕ್ಷಿತೋಟಕ್ಕೆ ಒಬ್ಬ ಅರಸ ಆಸೆಪಟ್ಟಿದ್ದಕ್ಕೆ ಆ ಬಡಪಾಯಿಯೇ ಕೊಲೆಯಾಗಿ ಹೋದ ಕಥೆ. ಅರ್ಧಕ್ಕೆ ಬರುವಷ್ಟರಲ್ಲಿ ಮೇಯರರ ಕಿವಿ ಕೆಂಪಾಗಿ ದನಿ ಉಡುಗಿತು. ಹಿಂದಿನ ಬೆಂಚಿನಿಂದ ದೋಣಿಯ ಬೆಸ್ ಟಾಲಿ ಕೂಗಿದಳು: "ನಿಲ್ಲಿಸ್ಬೇಡಿ ಸ್ವಾಮಿ, ರಾಜನ ರಕ್ತ ನಾಯಿ ನೆಕ್ಕೋದು ಇನ್ನೂ ಬಾಕಿ ಐತೆ!"

ಚಹಾದ ಹೊತ್ತಿಗೆ ಮೇಯರ್ ಪಾದ್ರಿಯಮ್ಮನ ಮೇಲೆ ಹರಿಹಾಯ್ದರು.

"ನನ್ನ ಬಾಯಿಂದ್ಲೇ ನನ್ನ ಮಾನ ಕಳೆದ್ರಲ್ರೀ!"

"ನಾನು ಆರಿಸಿದ್ದಲ್ಲ ಸರ್. ಇವತ್ತು ದೇಶದ ಎಷ್ಟೋ ಚರ್ಚುಗಳಲ್ಲಿ ಇದೇ ಪಾಠ. ಒಂದ್ಸಲ ನೋಡ್ಕೊಂಡು ಬನ್ನಿ ಅಂತ ಹೇಳಿದ್ನಲ್ಲ?"

"ನನಗೇನು ಬೇರೆ ಕೆಲ್ಸ ಇಲ್ವಾ?"

ಯಾವ ಭಾನುವಾರ ಯಾವ ಪಾಠ ಎಂದು ಗೊತ್ತುಮಾಡಿದವರು ನಿಮ್ಮವರೇ. ಆದರೂ, ಚರ್ಚು ಸರ್ಕಾರದ ವಿಷಯಕ್ಕೆ ತಲೆಹಾಕಬಾರದು ಎಂದು ಬುದ್ಧಿ ಹೇಳಿದ್ದೀರಿ. ಎಂಥ ವಿನಯ! ಸಂಸತ್ತಿನ ಮೇಲ್ಮನೆಯಲ್ಲಿ ಬಿಳಿ ತೋಳಿನ ನಿಲುವಂಗಿ ಹರವಿಕೊಂಡು ಕೂತು ಕಾನೂನುಗಳಿಗೆ ಮತ ಹಾಕುವವರು ಯಾರು, ನೀವು ಬಿಷಪ್ಪರೋ, ನಮ್ಮ ಪಾದ್ರಿಯಮ್ಮನೋ? ಇಂಗ್ಲೆಂಡಿನ ಅರಸನು ನಮ್ಮ ಕ್ರೈಸ್ತ ಸಭೆಗೂ ಒಡೆಯ, ಒಪ್ಪಿದೆವು. ಆದರೆ ತಪ್ಪಿತಸ್ಥರನ್ನು ದಂಡಿಸುವ ಕತ್ತಿ ಮಾತ್ರ ಅವನದು, ವಾಕ್ಯ ಸಾರುವ ಕೆಲಸ ಅವನದಲ್ಲ ಎಂದೂ ಇದೇ ಸಭೆ ನಾನೂರು ವರ್ಷಗಳಿಂದ ಬೋಧಿಸುತ್ತಿದೆ. ಅರಸನಿಗೇ ಕೊಡದ ಅಧಿಕಾರವನ್ನು ನಮ್ಮೂರ ಮೇಯರರ ಕೈಗೆ ಕೊಟ್ಟಿರಲ್ಲ! ಅಧಿಕಾರಸ್ಥರಿಗಾಗಿ ಪ್ರಾರ್ಥಿಸುವುದೆಂದರೆ ಅವರ ಕಾಲು ಒತ್ತುವುದೆಂದು ನಿಮಗೆ ಯಾರು ಕಲಿಸಿದರು? ದೋಣಿಯವರಿಗೆ ವಿಳಾಸವಿಲ್ಲ, ಆದ್ದರಿಂದ ಅವರು ಊರಿನವರೇ ಅಲ್ಲ ಎನ್ನುತ್ತದೆ ನಗರಸಭೆ. ನಮ್ಮ ಚರ್ಚಿನ ಎಲ್ಲೆಯೊಳಗೆ ಇರುವವರೆಲ್ಲ ತನ್ನ ಹೊಣೆ ಎನ್ನುತ್ತಾರೆ ರೋಸಲಿಂಡ್. ಇವರಿಬ್ಬರಲ್ಲಿ ಸಭೆಯ ಬೋಧನೆ ಯಾರ ಬಾಯಲ್ಲಿದೆ ಎಂಬುದು ನಿಮಗೆ ತಿಳಿಯದ್ದಲ್ಲ. ತಿಳಿದೂ ಹೀಗೆ ಮಾಡಿದ್ದೀರೆಂದೇ ನಿಮ್ಮನ್ನು ಕಂಡರೆ ನನಗೆ ಅಸಹ್ಯ.

ನಮ್ಮ ಬೇಡಿಕೆ ಸಣ್ಣದು. ನಿಮ್ಮ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಆಗದಿದ್ದರೆ ಬೈಬಲಿನ ಆ ಅಧ್ಯಾಯವನ್ನೇ ಹಿಂತೆಗೆದುಕೊಳ್ಳಿ. ಬರುವ ಭಾನುವಾರ ಬನ್ನಿ, ಬೆಸ್ ಟಾಲಿಯ ಕಣ್ಣೆದುರಿಗೇ ನಿಮ್ಮ ಕೈಯಾರೆ ಅದನ್ನು ಹರಿದು ತೆಗೆಯಿರಿ. ಪುಸ್ತಕವನ್ನು ನಾನು ಹಿಡಿದುಕೊಂಡಿರುತ್ತೇನೆ.

ಇಂತಿ,
ನಿಮ್ಮ ಒಳಿತಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿಯೂ ಫಲ ಕಾಣದ,
ಎನಿಡ್ ಹಾರ್ಬಾಟಲ್
ಚರ್ಚ್ ವಾರ್ಡನ್