ಪೂರ್ವದ ಗಡಿಗೆ ಗ್ಯಾರಂಟಿ ಇಲ್ಲ

ಅಬ್ಬಾಸಿಯಾ, ಕುವೈಟ್
ಶುಕ್ರವಾರ, 21 ಫೆಬ್ರವರಿ 2003

ಪ್ರೀತಿಯ ಶಮೀಮಾ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಹಾಸ್ಟೆಲ್ ಬಿಟ್ಟು ಬಂದಂದಿನಿಂದ ಒಂದು ಸಾಲು ಬರೆಯದವಳು ಈಗ ಕೆಲಸ ಬಿದ್ದಾಗ ಪೆನ್ನು ಹಿಡಿದಿದ್ದಾಳೆ ಎಂದು ನೀನು ಬೈದರೆ ಅದು ಸರಿಯೇ. ನನ್ನ ಕನ್ನಡಕ್ಕೂ ಕ್ಷಮೆ ಇರಲಿ. ಇಲ್ಲಿ ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ. ಆದರೂ ಕನ್ನಡದಲ್ಲೇ ಬರೆಯಬೇಕಾಗಿದೆ. ಏಕೆಂದರೆ ಈ ಕಾಗದವನ್ನು ನಿನ್ನ ಕೈಗೆ ತಂದು ಕೊಡುವವಳು ನನ್ನ ತಂಗಿ ರಿಯೋನಾ. ಕುವೈಟಿನಲ್ಲೇ ಬೆಳೆದ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಕವರಿಗೆ ಅಂಟು ಹಚ್ಚುತ್ತೇನೆ, ಆದರೆ ಅಂಟಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಹೌದು ಮಾರಾಯ್ತಿ, ರಿಯೋನಾ ಊರಿಗೆ, ನೀನಿನ್ನೂ ಇರುವ ನಮ್ಮ ಹಾಸ್ಟೆಲಿಗೇ ಬರುತ್ತಿದ್ದಾಳೆ. ನಾಳೆಯ ವಿಮಾನ. ಇರಾಕಿನ ಮೇಲೆ ಯುದ್ಧ ಆಗುವುದು ಖಂಡಿತ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ವಿಷದ ಗ್ಯಾಸ್ ಬಂದೀತೆಂದು ಅಡುಗೆಮನೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಕಂದು ಬಣ್ಣದ ಟೇಪ್ ಅಂಟಿಸಿದ್ದೇವೆ. ಈಗ ಮೀನು ಹುರಿದರೆ ವಾಸನೆ ಮೂರು ದಿನ ಮನೆಯಲ್ಲೇ ಇರುತ್ತದೆ. ನಮ್ಮ ಕಟ್ಟಡದ ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿಯಾಯಿತು. ಮಮ್ಮಿ ನರ್ಸ್ ಆದ್ದರಿಂದ ಅವಳ ರಜೆ ರದ್ದಾಗಿದೆ. ಪಪ್ಪ ಶುವೈಖಿನ ಗೋದಾಮು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಪ್ರಶ್ನೆ ಉಳಿದದ್ದು ನಮ್ಮಿಬ್ಬರದೇ.

ನಾನು ಇಲ್ಲಿ ಓದುತ್ತಿರುವುದು ಅಂಚೆಯ ಮೂಲಕದ ಬಿ.ಎ., ಮೊದಲ ವರ್ಷ. ಶುಕ್ರವಾರ ಬೆಳಿಗ್ಗೆ ಮಾತ್ರ ಕ್ಲಾಸು. ಯೂಜಿನ್ ಸರ್ ಎಂಬವರು ವಾರವೆಲ್ಲ ಶರ್ಕ್‌ನ ಒಂದು ಬ್ಯಾಂಕಿನಲ್ಲಿ ದುಡಿದು, ರಜೆಯ ದಿನ ನಮಗೆ ಎರಡು ಮಹಾಯುದ್ಧಗಳ ನಡುವಿನ ಯುರೋಪನ್ನು ಕಲಿಸುತ್ತಾರೆ. ಕಳೆದ ತಿಂಗಳು ಲೊಕಾರ್ನೊ ಒಪ್ಪಂದದ ಪಾಠ ಆಯಿತು. 1925ರಲ್ಲಿ ಜರ್ಮನಿ ಪಶ್ಚಿಮದ ಕಡೆಯ ತನ್ನ ಗಡಿಯನ್ನು, ಅಂದರೆ ಫ್ರಾನ್ಸ್ ಮತ್ತು ಬೆಲ್ಜಿಯಂ ಕಡೆಯದನ್ನು, ಇನ್ನು ಮುಟ್ಟುವುದಿಲ್ಲ ಎಂದು ಒಪ್ಪಿಕೊಂಡಿತು. ಬ್ರಿಟನ್ ಮತ್ತು ಇಟಲಿ ಅದಕ್ಕೆ ಜಾಮೀನು ನಿಂತವು. ಶಾಂತಿ ಬಂತೆಂದು ಎಲ್ಲರೂ ಸಂಭ್ರಮಪಟ್ಟರು. ಆದರೆ ಪೂರ್ವದಲ್ಲಿ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯದ ಕಡೆಯ ಗಡಿಗೆ, ಅಂಥ ಜಾಮೀನು ಸಿಗಲಿಲ್ಲ. ಜಗಳ ಬಂದರೆ ಕೂತು ಮಾತಾಡೋಣ ಎಂದಷ್ಟೇ ಬರೆದುಕೊಂಡರು. ಫ್ರಾನ್ಸ್ ಒಂದೇ ಬೇರೆಯಾಗಿ ಏನೋ ಮಾತು ಕೊಟ್ಟಿತು.

"ಅಂದ್ರೆ ಫಸ್ಟ್ ಕ್ಲಾಸ್ ಗಡಿ ಒಂದು, ಸೆಕೆಂಡ್ ಕ್ಲಾಸ್ ಗಡಿ ಒಂದು," ಎಂದರು ಸರ್. "ಪೋಲೆಂಡಿಗೆ ಹೊಟ್ಟೆ ಉರಿಯದೆ ಇರ್ತದಾ, ನೀವೇ ಹೇಳಿ."

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಶಮೀಮಾ, ನಮ್ಮ ಮನೆಯಲ್ಲಿ ರಿಯೋನಾ ಪಶ್ಚಿಮದ ಗಡಿ. ಹದಿಮೂರು ವರ್ಷದವಳಿಗೆ ಮಮ್ಮಿ ಈಗಲೂ ಬಂಗುಡೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಾಳೆ. ಅವಳಿಗೆ ಯಾವ ಸೋಪು ತುರಿಸುತ್ತದೆ, ಯಾವ ಶಬ್ದಕ್ಕೆ ಎಚ್ಚರವಾಗುತ್ತದೆ, ಮಮ್ಮಿಗೆ ಎಲ್ಲ ಗೊತ್ತು. ನನ್ನನ್ನು ಮಾತ್ರ ಇವತ್ತಿಗೂ ಕೇಳುತ್ತಾಳೆ, "ಇನೆಜ್, ನಿನಗೆ ಟೀಗೆ ಸಕ್ಕರೆ ಎಷ್ಟು?" ನೆಂಟರನ್ನು ಕೇಳಿದ ಹಾಗೆ, ಬಹಳ ಪ್ರೀತಿಯಿಂದಲೇ.

ಹೋದ ವಾರ ಪಪ್ಪನ ತಮ್ಮ ಸಿರಿಲ್ ಬಾಪ್ಪು ಸಲ್ವಾದಿಂದ ಬಂದರು. ಮೂವರೂ ಹಾಲ್‌ನಲ್ಲಿ ಕೂತರು. ನನ್ನನ್ನು ಟೀ ಮಾಡಲು ಕಳುಹಿಸಿದರು. ಮತ್ತೆ ಹಾಸ್ಟೆಲಿಗೆ ಹೋಗುವವಳು ನಾನೇ ಎಂದು ನನಗೆ ಅನುಮಾನವೇ ಇರಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟಿದ್ದಾಗ ಹಾಲು ಉಕ್ಕಿತು.

"ಇನೆಜ್ ಇರಲಿ," ಎಂದಳು ಮಮ್ಮಿ. "ಇಲ್ಲಿ ಇರ್ಲಿಕ್ಕೆ ಅವಳ ಇಕಾಮಾ ಈಗಷ್ಟೇ ಆದದ್ದು. ಒಮ್ಮೆ ಹೋದ್ರೆ ಮತ್ತೆ ವೀಸಾ ಎಲ್ಲಿ ಸಿಗ್ತದೆ?"

"ಮತ್ತೆ ಅವಳಿಗೆ ಹೆದರಿಕೆ ಅಂತ ಇಲ್ಲ, ಗಟ್ಟಿ ಜೀವ," ಎಂದರು ಪಪ್ಪ. "ರಿಯೋನಾ ಪಾಪದ್ದು. ಸೈರನ್ ಟೆಸ್ಟ್ ಮಾಡಿದ್ರೂ ಜ್ವರ ಬರ್ತದೆ ಅದಕ್ಕೆ."

"ಮತ್ತೆ ಎಂತಕ್ಕೆ ಈ ಮೀಟಿಂಗ್? ಯಲ್ಲಾ, ಸಣ್ಣದಕ್ಕೆ ಟಿಕೆಟ್ ಮಾಡು, ಖಲಾಸ್," ಎಂದರು ಬಾಪ್ಪು, ಅರಬಿ ಬೆರೆಸಿ. "ಇನೆಜ್, ಟೀ ಎಂತ ಯುದ್ಧ ಮುಗಿದ ಮೇಲೆ ತರುವುದಾ?"

ನಾನು ಕುಣಿಯಬೇಕಿತ್ತು ಅಲ್ಲವಾ? ಹಾಸ್ಟೆಲಿನಲ್ಲಿ ಪ್ರತಿ ರಾತ್ರಿ ನಾನು ಬೇಡುತ್ತಿದ್ದದ್ದು ಇದನ್ನೇ: ಪಪ್ಪ, ಮಮ್ಮಿ, ನಾನು, ಒಂದೇ ಮನೆ. 1990ರಲ್ಲಿ ಇಲ್ಲಿ ಯುದ್ಧ ಶುರುವಾಗಿ ಊರಿಗೆ ಬಂದಿದ್ದ ಅವರು, ಅದು ಮುಗಿದು ಕುವೈಟಿಗೆ ಮರಳಿದಾಗ ಮಗು ರಿಯೋನಾಳನ್ನು ಕರೆದುಕೊಂಡು ಹೋಗಿ ನನ್ನನ್ನು ಹಾಸ್ಟೆಲಿನಲ್ಲಿ ಬಿಟ್ಟರು. ಬಿಟ್ಟುಹೋದವಳು ಬೇಡವಾದವಳು, ಕರೆದುಕೊಂಡು ಹೋದವಳು ಬೇಕಾದವಳು ಎಂದು ನಾನು ತಿಳಿದಿದ್ದೆ. ಈಗ ನೋಡಿದರೆ ಲೆಕ್ಕ ತಿರುಗಿದೆ. ಉಳಿಸಿಕೊಳ್ಳಬೇಕಾದವಳನ್ನು ದೂರ ಕಳುಹಿಸುತ್ತಾರೆ. ಗ್ಯಾಸ್ ಬಂದರೂ ಪರವಾಗಿಲ್ಲ ಎನಿಸಿಕೊಂಡವಳು ಇಲ್ಲಿ ಟೇಪ್ ಅಂಟಿಸಿಕೊಂಡು ಇರುತ್ತಾಳೆ. ಎರಡು ಸಲವೂ ಪೂರ್ವದ ಗಡಿ ನಾನೇ.

ಟೀ ಕೊಡುತ್ತ ನಾನು ಏನು ಹೇಳಿದೆ ಗೊತ್ತಾ? "ಹಾಗಾದ್ರೆ ರಿಯೋನಾಳ ಮಂಚ ನನಗೆ." ನಾನು ಮಲಗುವುದು ಹಾಲ್‌ನ ಸೋಫಾದಲ್ಲಿ. ಮಮ್ಮಿ ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ. ರಿಯೋನಾ ಮಾತ್ರ, "ಟೇಕ್ ಇಟ್, ಅಕ್ಕಾ," ಎಂದಳು. ಅವಳು ಒಳ್ಳೆಯವಳಾಗಿರುವುದೇ ನನಗೆ ದೊಡ್ಡ ತೊಂದರೆ.

ಇವತ್ತು ಬೆಳಿಗ್ಗೆ ಯೂಜಿನ್ ಸರ್ ಮ್ಯೂನಿಕ್ ಒಪ್ಪಂದದ ಪಾಠಕ್ಕೆ ಬಂದರು. 1938ರಲ್ಲಿ ನಾಲ್ಕು ಜನ ದೊಡ್ಡವರು ಕೂತು ಜರ್ಮನಿಗೆಂದು ಚೆಕೊಸ್ಲೊವಾಕಿಯವನ್ನು ಕತ್ತರಿಸಿದರು. ಅದರ ಪ್ರತಿನಿಧಿಗಳನ್ನು ಒಳಗೆ ಕರೆಯಲಿಲ್ಲ. ಅವರು ಹೋಟೆಲಿನಲ್ಲಿ ಕಾಯುತ್ತ ಕೂತಿದ್ದರು. ಹೊಟ್ಟೆ ಉರಿದುಕೊಂಡಿದ್ದ ಪೋಲೆಂಡ್ ಆಗ ಏನು ಮಾಡಿತು? ಟೆಶನ್ ಎಂಬ ಊರಿನ ಸುತ್ತಲಿನ ಚೂರನ್ನು ತಾನೂ ಕಿತ್ತುಕೊಂಡಿತು. "ಮುಂದಿನ ವರ್ಷ ಅದರದ್ದೇ ಸರದಿ," ಎಂದರು ಸರ್. "ಆಗ ಪಕ್ಕದಲ್ಲಿ ಚೆಕೊಸ್ಲೊವಾಕಿಯ ಇರಲೇ ಇಲ್ಲ." ರಿಯೋನಾಳ ಮಂಚ ನೆನಪಾಗಿ ನಾನು ನೋಟ್ಸ್ ಬರೆಯಲಿಲ್ಲ.

ಈಗಷ್ಟೇ ಸಂಜೆಯ ಜಪಮಾಲೆ ಮುಗಿಯಿತು. ಪ್ರಯಾಣ ಹೊರಡುವವರು ಮನೆಯ ಪ್ರತಿ ಹಿರಿಯರ ಮುಂದೆ ಮೊಣಕಾಲೂರಿ "ಬೆಸಾಂವ್" ಕೇಳುವುದು ನಮ್ಮ ಕ್ರಮ, ಆಶೀರ್ವಾದ ಎಂದು. ನೀನು ಹಾಸ್ಟೆಲಿನಲ್ಲಿ ನೋಡಿದ್ದೀ. ಪಪ್ಪ ಕೊಟ್ಟರು. ಮಮ್ಮಿ ಅವಳ ತಲೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಆಮೇಲೆ ರಿಯೋನಾ ನನ್ನ ಮುಂದೆ ಬಂದು ಮೊಣಕಾಲೂರಿದಳು. ಅಕ್ಕನೂ ಹಿರಿಯಳೇ ಅಲ್ಲವಾ. ನಾನು ಕೈ ಎತ್ತಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ಅಕ್ಕಾ, ನನ್ನ ಕಾಲು ನೋಯ್ತದೆ," ಎಂದಳು ಮೆಲ್ಲಗೆ, ಕೊಂಕಣಿಯಲ್ಲಿ.

ಆಗ ಕೊಟ್ಟೆ. ಅವಳ ಕೂದಲು ಬಿಸಿಯಾಗಿತ್ತು. ಜ್ವರ ಬಂದಿತ್ತು ಅವಳಿಗೆ, ಯಾರೂ ಗಮನಿಸಿರಲಿಲ್ಲ, ಮಮ್ಮಿ ಸಹ.

ಅವಳನ್ನು ನೋಡಿಕೋ ಶಮೀಮಾ. ಕುಚ್ಚಲಕ್ಕಿ ಅನ್ನ ನುಂಗುವುದಿಲ್ಲ, ಗಂಜಿಯ ದಿನ ಉಪ್ಪಿನಕಾಯಿ ಜಾಸ್ತಿ ಕೊಡು. ಕತ್ತಲೆಯಲ್ಲಿ ಬಚ್ಚಲಿಗೆ ಒಬ್ಬಳೇ ಹೋಗುವುದಿಲ್ಲ, ಜೊತೆಗೆ ಹೋಗು. ನನಗೆ ಮಾಡಿದ್ದೆಲ್ಲ ಅವಳಿಗೂ ಮಾಡು. ಜಡೆ ಮಾತ್ರ ಹೆಣೆಯಬೇಡ. ಬೇರೆ ಯಾರಾದರೂ ಹೆಣೆಯಲಿ. ಅದೊಂದು ನನಗೇ ಇರಲಿ.

ನಿನ್ನ ಉಮ್ಮನಿಗೆ ನನ್ನ ಸಲಾಂ. ನಿನ್ನ ಪರೀಕ್ಷೆಗಳು ಚೆನ್ನಾಗಿ ಆಗಲಿ, ದೇವರು ನಿನ್ನನ್ನು ಕಾಯಲಿ. ನಮ್ಮನ್ನೂ.

ನಿನ್ನ,
ಇನೆಜ್

ಮತ್ತೊಂದು ಮಾತು: ಸೂಟ್‌ಕೇಸ್ ತುಂಬಲು ತೊಡಗಿದಾಗಿನಿಂದ ಮಮ್ಮಿ ಅಳುತ್ತಲೇ ಇದ್ದಾಳೆ. ಬಟ್ಟೆ ಮಡಚುವಾಗ, ಅನ್ನ ಬಡಿಸುವಾಗ, ಆಸ್ಪತ್ರೆಯ ಬಸ್ಸಿಗೆ ಕಾಯುವಾಗ. ನನ್ನನ್ನು ಹಾಸ್ಟೆಲಿನಲ್ಲಿ ಬಿಟ್ಟ ದಿನ ಸಿಸ್ಟರ್ ನನ್ನ ಭುಜ ಹಿಡಿದು, ಹಿಂದೆ ನೋಡಬೇಡ ಎಂದಿದ್ದರು. ನಾನು ನೋಡಲಿಲ್ಲ. ನೀನು ಮೆಟ್ಟಿಲ ಕಿಟಕಿಯಲ್ಲಿ ನಿಂತಿದ್ದೆ. ಅಲ್ಲಿಂದ ಗೇಟು ಕಾಣುತ್ತದೆ. ಅವರು ಮಗುವನ್ನೆತ್ತಿಕೊಂಡು ರಿಕ್ಷಾ ಹತ್ತುವುದನ್ನು ನೀನು ನೋಡಿದ್ದೀ. ಆವತ್ತು ಮಮ್ಮಿ ಅತ್ತಿದ್ದಳಾ? ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ. ದಯವಿಟ್ಟು ಬೇಗ ಉತ್ತರ ಬರೆ.